ನಿನ್ನ ಕೇಸು ನನ್ನ ವಶದಲ್ಲಿದೆ

ಫೆಬ್ರವರಿ ೨೪, ಭಾನುವಾರ

ತುತ್ತೂರಿಗೆ,

ನಿನ್ನ ಕೇಸು ನನ್ನ ವಶದಲ್ಲಿದೆ. ಖುದ್ದಾಗಿ ಬಂದು, ಒಳಗೆ ಏನಿದೆ ಎಂಬ ವಿವರ ಹೇಳಿ, ಬಿಡಿಸಿಕೊಂಡು ಹೋಗತಕ್ಕದ್ದು. ತಪ್ಪಿದಲ್ಲಿ ಮುಂದಿನ ಕ್ರಮ ಜರುಗಿಸಲಾಗುವುದು.

ಯುವರ್ಸ್ ಫೇತ್‌ಫುಲಿ,
ಹಾಲಿನ ತಾತ


ಮಾರ್ಚ್ ೧೦, ಭಾನುವಾರ

ಪ್ರೀತಿಯ ತುತ್ತೂರಿ,

ಇಲ್ಲಿ ನಾನು ಸೌಖ್ಯ. ಎಡ ಮೊಣಕಾಲು ಮಾತ್ರ ಬೇರೆ ಅಭಿಪ್ರಾಯ ಇಟ್ಟುಕೊಂಡಿದೆ. ನೀನು ಹೇಗಿದ್ದೀ ಎಂದು ಕೇಳೋಣವೆಂದರೆ, ಹೋಗುವಾಗ ಒಂದು ಮಾತು ಹೇಳಿ ಹೋದವಳಲ್ಲ. ಎರಡು ಭಾನುವಾರ ನಿನ್ನ ಕುರ್ಚಿ ಖಾಲಿ. ಮನೆಗೆ ಹೋದರೆ ಬೀಗ. ಪಕ್ಕದ ಮನೆಯಾಕೆ ಕಿಟಕಿಯಿಂದಲೇ, "ಹುಡುಗಿ ಚಿಕ್ಕಮ್ಮನ ಊರಿಗೆ ಹೋದ್ಳು, ಅವಳ ಅಣ್ಣ ಎಲ್ಲಿ ಹೋದ್ನೋ ದೇವರಿಗೇ ಗೊತ್ತು" ಅಂದರು. ನೀನು ಬ್ಯಾಂಡಿಗೆ ಸೇರಿದಾಗ ನಿಮ್ಮ ಮೇಡಂ ಒಂದು ಕಾರ್ಡಿನಲ್ಲಿ ಚಿಕ್ಕಮ್ಮನ ವಿಳಾಸ ಬರೆದಿಟ್ಟಿದ್ದರು. ಹೆಂಡತಿ ಹೋದ ಮೇಲೂ ಅವಳ ಅಕ್ಷರದಿಂದ ನನಗೆ ಕೆಲಸ ನಡೆಯುತ್ತಿದೆ ನೋಡು.

ನನ್ನ ಚೀಟಿ ಸಿಕ್ಕಿತೋ ಇಲ್ಲವೋ. ಬಾಗಿಲಡಿ ತೂರಿಸಿ ಬಂದಿದ್ದೆ. ನೀನು ಟ್ರಂಪೆಟ್ಟಿನ ಪೆಟ್ಟಿಗೆಯನ್ನು ಕುರ್ಚಿ ಕೆಳಗೇ ಮರೆತು ಹೋಗಿದ್ದೀ. ಮಳೆಯಲ್ಲಿ ನೆಂದರೂ ಅದನ್ನು ನೆನೆಯಲು ಬಿಡದ ಹುಡುಗಿ! ತಮಾಷೆಗೆಂದು ನಮ್ಮ ಹಳೇ ಆಫೀಸಿನ ಭಾಷೆಯಲ್ಲಿ ಬರೆದೆ. ನಾನು ರೈಲು ನಿಲ್ದಾಣದಲ್ಲಿ ಕಳೆದುಹೋದ ವಸ್ತುಗಳ ಕೌಂಟರಿನಲ್ಲಿ ಕೂತು ಕೂದಲು ನರೆಸಿಕೊಂಡವನಲ್ಲವೇ? ಅಲ್ಲಿ ಒಂದೇ ನಿಯಮ. ಯಾರ ಪೆಟ್ಟಿಗೆಯನ್ನೂ ನಾವಾಗಿ ತೆರೆಯುವಂತಿಲ್ಲ. ಬಂದವರು ಒಳಗೇನಿದೆ ಎಂದು ಹೇಳಬೇಕು, ಆಮೇಲೆ ಅವರ ಎದುರಿಗೇ ತೆರೆಯಬೇಕು. ಹೇಳಿದ್ದು ಸರಿಯಿದ್ದರೆ "ವಿವರ ಹೊಂದಿದೆ" ಎಂದು ಬರೆದು ಕೊಡುವುದು. ಒಮ್ಮೆ ಒಬ್ಬರು ಕಟ್ಟಿಸಿಕೊಂಡ ಹಲ್ಲು ಕಳೆದುಕೊಂಡು ಬಂದಿದ್ದರು. ಹಲ್ಲಿಲ್ಲದ ಬಾಯಲ್ಲಿ ಅವರು ಏನು ವಿವರ ಹೇಳಿದರೋ ನನಗೊಂದು ಅಕ್ಷರವೂ ತಿಳಿಯಲಿಲ್ಲ. ಅದೇ ಗುರುತು ಎಂದುಕೊಂಡು ಕೊಟ್ಟುಬಿಟ್ಟೆ.

ಎಲ್ಲಿದ್ದೆ? ಹಾಂ, ಬ್ಯಾಂಡು. ಈಗ ಮೇಡಂ ಅವರ ತಾಳದ ಕೋಲು ಹಿಡಿದು ಮುಂದೆ ನಿಲ್ಲುವವನು ನಾನು. ನನಗೆ ಸ್ವರ ಓದಲು ಬರುವುದಿಲ್ಲ ಎಂಬುದು ನಿಮಗೆಲ್ಲ ಗೊತ್ತು. ರೈಲಿಗೆ ಹಸಿರು ಬಾವುಟ ತೋರಿಸುವ ಹಾಗೆ ಬೀಸುತ್ತೇನೆ. "ತಾತ, ನೀವು ಸುಮ್ನೆ ನಿಂತಿರಿ ಸಾಕು, ನಾವು ಹೊರಡ್ತೀವಿ" ಅಂತಾನೆ ನಮ್ಮ ಮೆಲ್ಲಗೆ. ಅವನಿಗೆ ಆ ಹೆಸರಿಟ್ಟವರೂ ಮೇಡಂ ಅವರೇ. ಊದಲು ಶುರುಮಾಡಿದರೆ ಕಿಟಕಿ ಗಾಜು ನಡುಗಬೇಕು, ಇವರು "ಮೆಲ್ಲಗೆ! ಮೆಲ್ಲಗೆ!" ಎಂದು ಕೂಗಿ ಕೂಗಿ ಅದೇ ಹೆಸರಾಗಿ ಕೂತಿತು.

ಅವನಿಗೆ ನೀನಿಲ್ಲದೆ ತೊಂದರೆಯಾಗಿದೆ. ಮೇಲಿನ ಬೀದಿಯವರೊಬ್ಬರು, ಕೆಳಗಿನ ಬೀದಿಯವರೊಬ್ಬರು, ಇಬ್ಬರಿಗೂ ಸೇರಿ ಸ್ವರದ ಹಾಳೆ ಇಡುವ ಸ್ಟ್ಯಾಂಡು ಒಂದೇ. ಮೇಡಂ ಈ ವ್ಯವಸ್ಥೆ ಮಾಡಿದಾಗ ನಾನೇ ವಿರೋಧಿಸಿದ್ದೆ. ಸೇತುವೆ ಕೆಳಗೆ ಸೈಕಲ್ ಚೈನು ಹಿಡಿದು ಬಡಿದಾಡುವ ಬೀದಿಗಳ ಮಕ್ಕಳನ್ನು ಮೊಣಕೈಗೆ ಮೊಣಕೈ ತಾಗಿಸಿ ಕೂರಿಸುತ್ತಾರೆಯೇ? ಅವಳು ಅಂದಳು, "ಹಾಳೆ ತಿರುವೋಕೆ ಒಬ್ಬರಿಗೊಬ್ಬರು ಬೇಕಾಗಲಿ, ಸಾಕು. ಉಳಿದದ್ದು ಆಮೇಲೆ." ಒಬ್ಬ ಊದುತ್ತಿರುವಾಗ ಇನ್ನೊಬ್ಬ ಹಾಳೆ ತಿರುವಬೇಕು. ಈಗ ಮೆಲ್ಲಗೆ ತಾನೇ ಊದಿ, ತಾನೇ ತಿರುವಿ, ನಾಲ್ಕು ಸ್ವರ ನುಂಗಿಹಾಕುತ್ತಾನೆ.

ಮೇಡಂ ಕಟ್ಟಿದ ಆ ಟ್ಯೂನಿನಲ್ಲಿ ಎಲ್ಲರೂ ಊದುವುದು ಬಿಟ್ಟು ನಿಲ್ಲುವ ಜಾಗವಿದೆಯಲ್ಲ, ಆಮೇಲೆ ನಿನ್ನ ಟ್ರಂಪೆಟ್ ಒಂದೇ ಏಳಬೇಕು, ಅಲ್ಲಿ ಎಲ್ಲರೂ ನಿಲ್ಲುತ್ತಾರೆ. ಯಾವ ಸ್ವರವೂ ಏಳುವುದಿಲ್ಲ. ಅವಳ ಭಾಗವನ್ನು ನೀನೇ ಊದಪ್ಪ ಎಂದರೆ ಮೆಲ್ಲಗೆ ತಲೆ ಅಲ್ಲಾಡಿಸುತ್ತಾನೆ. ನಾನು ಕೋಲು ಇಳಿಸುತ್ತೇನೆ.

ಪೆಟ್ಟಿಗೆ ನನ್ನ ಮನೆಯಲ್ಲಿ, ಮೇಡಂ ಕುರ್ಚಿಯ ಮೇಲಿದೆ. ನಿಯಮ ನಿಯಮವೇ. ಒಳಗೆ ಏನಿದೆ ಎಂದು ಬರೆದು ಕಳಿಸು, ನಾನೇ ಪಾರ್ಸೆಲ್ ಮಾಡುತ್ತೇನೆ.

ನಿನ್ನ,
ಹಾಲಿನ ತಾತ


ಮಾರ್ಚ್ ೧೯, ಮಂಗಳವಾರ

ಹಿರಿಯರಿಗೆ ನಮಸ್ಕಾರ.

ನಾನು ಅವಳ ಚಿಕ್ಕಮ್ಮ. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತೇನೆ. ಕಾಗದ ಬರೆದು ಅಭ್ಯಾಸವಿಲ್ಲ, ತಪ್ಪಿದ್ದರೆ ಮನ್ನಿಸಿ. ಲಕೋಟೆ ಮೇಲೆ ಹಾಲಿನ ತಾತ ಎಂದು ನೋಡಿ, ಇವಳು ಹಾಲಿನವರಿಗೆ ಬಾಕಿ ಇಟ್ಟು ಬಂದಿದ್ದಾಳೆ ಎಂದುಕೊಂಡೆ. ಆಮೇಲೆ ಅವಳು ಹೇಳಿದಳು, ಬ್ಯಾಂಡಿನ ಹಾಲ್ ನೋಡಿಕೊಳ್ಳುವವರು ಎಂದು.

ನೀವು ಒಳ್ಳೆಯವರೆಂದು ಅವಳೇ ಹೇಳುತ್ತಾಳೆ. ಹಾಗಿದ್ದ ಮೇಲೆ ಮಗುವಿನ ಮೇಲೆ ಕೇಸು ಯಾಕೆ ಹಾಕಿಸಿದಿರಿ? ನಿಮ್ಮ ಚೀಟಿ ನೋಡಿದ ಬೆಳಿಗ್ಗೆಯೇ ಓಡಿ ಬಂದವಳು. ಬಾಗಿಲು ಬಡಿದರೆ ಬೆಚ್ಚುತ್ತಾಳೆ. ಪೊಲೀಸರೇನಾ ಎಂದು ಕೇಳುತ್ತಾಳೆ. ಈ ಕಾಗದ ಬಂದ ಮೇಲೆ ಊಟವೂ ಕಷ್ಟ. ಒಳಗೆ ಏನಿದೆ ಎಂದು ನಿಮಗೆ ಗೊತ್ತು, ಗೊತ್ತಿದ್ದೇ ಕೇಳುತ್ತಿದ್ದೀರಿ ಅನ್ನುತ್ತಾಳೆ. ನನಗೆ ಏನನ್ನೂ ಬಿಡಿಸಿ ಹೇಳುವುದಿಲ್ಲ.

ಟ್ರಂಪೆಟ್ ಅವಳ ಹತ್ತಿರವೇ ಇದೆ. ಸ್ವೆಟರಿನಲ್ಲಿ ಸುತ್ತಿಕೊಂಡು ಬಂದಳು. ಊದುವುದಿಲ್ಲ. ಮಡಿಲಲ್ಲಿ ಇಟ್ಟುಕೊಂಡು ಕೂತಿರುತ್ತಾಳೆ, ಜ್ವರ ಬಂದ ಮಗುವನ್ನು ಇಟ್ಟುಕೊಂಡ ಹಾಗೆ.

ತಪ್ಪು ಮಾಡಿದ್ದರೆ ನನಗೆ ಹೇಳಿ, ನಾನು ಬುದ್ಧಿ ಹೇಳುತ್ತೇನೆ. ಕೇಸು ಬೇಡ.

ಇಂತಿ,
ಅವಳ ಚಿಕ್ಕಮ್ಮ


ಮಾರ್ಚ್ ೨೫, ಸೋಮವಾರ

ಪ್ರೀತಿಯ ತುತ್ತೂರಿ,

ಮೊದಲು ಚಿಕ್ಕಮ್ಮನಿಗೆ ಓದಿ ಹೇಳು: ತಂಗಿ, ಯಾರ ಮೇಲೂ ಯಾವ ಕೇಸೂ ಇಲ್ಲ. ಪೊಲೀಸ್ ಠಾಣೆಯ ಮೆಟ್ಟಿಲನ್ನು ನಾನು ಈ ವರ್ಷ ಹತ್ತಿಲ್ಲ. ನನ್ನ ಇಂಗ್ಲಿಷು ಮಾಡಿದ ಅನಾಹುತ ಇದು. ಇಂಗ್ಲಿಷಿನಲ್ಲಿ ಕೇಸ್ ಎಂದರೆ ಪೆಟ್ಟಿಗೆಯೂ ಹೌದು. ಸೂಟ್‌ಕೇಸ್ ಇಲ್ಲವೇ, ಹಾಗೆ. ಬಿ.ಎ. ಎರಡನೇ ವರ್ಷದಲ್ಲಿ ನನ್ನ ಮೇಷ್ಟ್ರು, "ನೀನು ಇಂಗ್ಲಿಷ್ ಮಾತಾಡಿದ್ರೆ ಯಾರಿಗಾದ್ರೂ ಪೆಟ್ಟಾಗುತ್ತೆ ಕಣಯ್ಯ" ಅಂದಿದ್ದರು. ನಕ್ಕು ಬಿಟ್ಟಿದ್ದೆ. "ವಶದಲ್ಲಿದೆ", "ಕ್ರಮ ಜರುಗಿಸಲಾಗುವುದು"... ಈಗ ಓದಿಕೊಂಡರೆ ನನಗೇ ಬೆವರು ಬರುತ್ತದೆ.

ಇಲ್ಲಿಗೆ ಈ ಕಾಗದ ಮುಗಿಯಬೇಕಿತ್ತು. ಆದರೆ ನಿನ್ನೆ ನಡೆದದ್ದನ್ನು ಹೇಳದೆ ಇರುವುದು ಸರಿಯಲ್ಲ.

ನಿನ್ನೆ ಅಭ್ಯಾಸದ ಹೊತ್ತಿಗೆ ನಿನ್ನ ಅಣ್ಣ ಬಂದ. ಗಡ್ಡ ಬಿಟ್ಟಿದ್ದಾನೆ, ಇಳಿದುಹೋಗಿದ್ದಾನೆ. ಕೈಯಲ್ಲಿ ನನ್ನ ಚೀಟಿ, ಮಡಿಸಿ ಮಡಿಸಿ ಹರಿಯುವಂತಾಗಿತ್ತು.

"ತಾತ, ನನ್ನ ತಂಗಿ ಪೆಟ್ಟಿಗೆ ಕೊಡಿ."

"ಕೊಡೋಣ ಬಾಪ್ಪ. ಒಳಗೇನಿದೆ ಹೇಳು."

"ತಮಾಷೆನಾ? ಟ್ರಂಪೆಟ್ ಪೆಟ್ಟಿಗೇಲಿ ಟ್ರಂಪೆಟ್ ಇರದೆ ಹಲ್ಲುಜ್ಜೋ ಬ್ರಷ್ ಇರುತ್ತಾ?"

ಚಿಕ್ಕಮ್ಮನ ಕಾಗದ ಹಿಂದಿನ ದಿನವಷ್ಟೇ ಬಂದಿತ್ತು. ನನಗೆ ತಡೆಯಲಾಗಲಿಲ್ಲ. "ತಪ್ಪಪ್ಪಾ. ವಿವರ ಹೊಂದಲಿಲ್ಲ" ಎಂದೆ.

ಅವನ ಮುಖ ಬಿಳಿಚಿಕೊಂಡದ್ದನ್ನು ನೋಡಿದೆ. "ತೆಗೆದು ನೋಡಿದ್ರಾ?" ಎಂದ. ಧ್ವನಿ ಎಷ್ಟು ಸಣ್ಣದಾಗಿತ್ತೆಂದರೆ, ಮೂಗು ಸುರಿಸುತ್ತಾ ನಿನ್ನ ಕೈ ಹಿಡಿದುಕೊಂಡು ಮೊದಲ ದಿನ ನಿನ್ನನ್ನು ಸೇರಿಸಲು ಬಂದ ಹುಡುಗನೇ ಮತ್ತೆ ಬಂದ ಹಾಗಿತ್ತು.

"ನಾನು ಯಾರ ಪೆಟ್ಟಿಗೇನೂ ತೆಗೆಯಲ್ಲ. ಇನ್ನೊಂದ್ಸಲ ಹೇಳು ನೋಡೋಣ, ಏನಿದೆ?"

ಬಾಯಿ ತೆರೆದ. ಮುಚ್ಚಿದ. ಕಿತ್ತುಕೊಳ್ಳುವೆನೆಂದರೂ ಪೆಟ್ಟಿಗೆ ಹಾಲಿನಲ್ಲಿ ಇರಲಿಲ್ಲ, ನನ್ನ ಕುತ್ತಿಗೆ ಮಾತ್ರ ಇತ್ತು. ಅಷ್ಟರಲ್ಲಿ ಮೆಲ್ಲಗೆ ಎದ್ದು ಅವನಿಗೊಂದು ಕುರ್ಚಿ ಎಳೆದ. "ಅಣ್ಣಾ, ಕೂತ್ಕೊಳ್ಳಿ. ಟೀ ಇದೆ, ಕುಡೀರಿ. ತುತ್ತೂರಿ ಯಾವಾಗ ಬರ್ತಾಳೆ? ನಂಗೆ ಹಾಳೆ ತಿರುವೋರು ಯಾರೂ ಇಲ್ಲ."

ನಿನ್ನ ಅಣ್ಣ ಅವನ ಮುಖ ನೋಡಲಿಲ್ಲ. ಕುರ್ಚಿಯನ್ನು ನೋಡಿದ, ಟೀ ಲೋಟವನ್ನು ನೋಡಿದ, ಬಾಗಿಲನ್ನು ಕಾಲಿನಿಂದ ತಳ್ಳಿಕೊಂಡು ಹೋಗಿಬಿಟ್ಟ.

ತುತ್ತೂರಿ, ಮನೆಗೆ ಬಂದು ಪೆಟ್ಟಿಗೆಯನ್ನು ಎತ್ತಿ ನೋಡಿದೆ. ಟ್ರಂಪೆಟ್ ನಿನ್ನ ಮಡಿಲಲ್ಲಿದೆ. ಆದರೂ ಪೆಟ್ಟಿಗೆ ಓರೆ ಮಾಡಿದರೆ ಒಳಗೆ ಏನೋ ಜಾರುತ್ತದೆ. ಚಿಲಕಕ್ಕೆ ಬೀಗವಿಲ್ಲ, ಹೆಬ್ಬೆರಳು ಸಾಕು. ನಾನು ತೆರೆದಿಲ್ಲ. ನೀನು ಹೇಳುವ ತನಕ ತೆರೆಯುವುದೂ ಇಲ್ಲ.

ಕಾಲೇಜಿನಲ್ಲಿ ಅರ್ಜಿ ಬರೆಯಲು ಕಲಿಸುವಾಗ, ಯಾರಿಗೆ ಎಂದು ಹೆಸರು ಗೊತ್ತಿಲ್ಲದಿದ್ದರೆ "ಟು ಹೂಮ್ ಇಟ್ ಮೇ ಕನ್ಸರ್ನ್" ಎಂದು ಹಾಕಿ ಎಂದಿದ್ದರು. ಕನ್ಸರ್ನ್ ಎಂದರೆ ಕಳಕಳಿ ಎಂದು ನಾನು ತಿಳಿದುಕೊಂಡಿದ್ದೆ. ಯಾರ ಬಗ್ಗೆ ಕಳಕಳಿಯಾಗುತ್ತದೋ ಅವರಿಗೆ. ತಪ್ಪಿರಬಹುದು. ಈ ಕಾಗದದ ಮಟ್ಟಿಗೆ ನನ್ನ ಅರ್ಥವೇ ಇರಲಿ.

ನಿನ್ನ,
ತಾತ


ಏಪ್ರಿಲ್ ೩, ಬುಧವಾರ

ತಾತ,

ಇದನ್ನು ಎಷ್ಟು ಸಲ ಬರೆದು ಹರಿದೆನೋ. ಚಿಕ್ಕಮ್ಮ ಕೆಲಸಕ್ಕೆ ಹೋದ ಮೇಲೆ ಬರೆಯುತ್ತಿದ್ದೇನೆ.

ಒಳಗೆ ಒಂದು ಚಾಕು ಇದೆ. ಅಡುಗೆಮನೆಯದಲ್ಲ. ಮೇಡಂ ನಮಗೆಲ್ಲ ಟ್ರಂಪೆಟ್ ಒರೆಸಲು ಹಳದಿ ಬಟ್ಟೆ ಕೊಟ್ಟಿದ್ದರಲ್ಲ, ನನ್ನ ಬಟ್ಟೆಯಲ್ಲಿ ಸುತ್ತಿದೆ. ಮೂಲೆಯಲ್ಲಿ ಅವರೇ ದಾರದಲ್ಲಿ "ತುತ್ತೂರಿ" ಎಂದು ಹೊಲಿದಿದ್ದಾರೆ. ರೀ ಎಂದು ದೀರ್ಘ ಹಾಕಿ, ಬಿಚ್ಚಲು ಸೋಮಾರಿತನವಾಗಿ ಹಾಗೇ ಬಿಟ್ಟಿದ್ದಾರೆ. ಇದೇ ಗುರುತು.

ಮೆಲ್ಲಗೆಯ ಅಣ್ಣ ನಮ್ಮ ಅಣ್ಣನನ್ನು ಸೇತುವೆ ಹತ್ತಿರ ಹೊಡೆದಿದ್ದ, ನೆನಪಿದೆಯಾ? ಪಕ್ಕೆಲುಬು ಮುರಿದಿತ್ತು. ಅವನನ್ನು ಮುಟ್ಟುವ ಧೈರ್ಯ ಅಣ್ಣನಿಗೂ ಅವನ ಗೆಳೆಯರಿಗೂ ಇಲ್ಲ. ತಮ್ಮನನ್ನು ಹಿಡಿದರೆ ಅವನಿಗೆ ಬುದ್ಧಿ ಬರುತ್ತೆ ಅಂದರು. ಬ್ಯಾಂಡಿನ ಮಕ್ಕಳ ಪೆಟ್ಟಿಗೆಯನ್ನು ಪೊಲೀಸರು ತೆರೆಸುವುದಿಲ್ಲ. ಅಭ್ಯಾಸ ಮುಗಿದ ಮೇಲೆ ಪೆಟ್ಟಿಗೆಯನ್ನು ಮಾರ್ಕೆಟ್ ಹಿಂದೆ ತರಬೇಕು, ಮೆಲ್ಲಗೆಯನ್ನು ಮಾತಾಡಿಸುತ್ತಾ ಜೊತೆಗೆ ಕರೆದುಕೊಂಡು ಬರಬೇಕು. ನಾನು ಕರೆದರೆ ಅವನು ಬರುತ್ತಾನೆ ಎಂದು ಅವರಿಗೂ ಗೊತ್ತಿತ್ತು.

ನಾನು ಆಗಲ್ಲ ಅನ್ನಲಿಲ್ಲ ತಾತ. ಅಣ್ಣ ಅದನ್ನು ಸುತ್ತಿ ಒಳಗಿಡುವಾಗ ಟ್ರಂಪೆಟ್ಟನ್ನು ಎತ್ತಿಕೊಂಡು ನಿಂತಿದ್ದೆ. ಅಮ್ಮ ಹೋದ ಮೇಲೆ ನನ್ನ ತಲೆ ಬಾಚುತ್ತಿದ್ದದ್ದು ಆ ಕೈಗಳೇ. ಮತ್ತೆ ಟ್ರಂಪೆಟ್ ಒಳಗಿಟ್ಟೆ, ಹಾಲಿಗೆ ಬಂದೆ, ಊದಿದೆ. ಆ ದಿನ ನಿಲ್ಲುವ ಜಾಗ ಬಂದಾಗ ಎಲ್ಲರೂ ನಿಂತರು. ಮೆಲ್ಲಗೆ ನನಗಾಗಿ ಹಾಳೆ ತಿರುವಿದ. ಅವನ ಉಗುರಿನ ಸುತ್ತ ಶಾಯಿ ಇತ್ತು. ಅಷ್ಟೇ ನನಗೆ ನೆನಪಿರುವುದು. ಅಭ್ಯಾಸ ಮುಗಿದದ್ದೇ ಟ್ರಂಪೆಟ್ಟನ್ನು ಸ್ವೆಟರಿನಲ್ಲಿ ಸುತ್ತಿಕೊಂಡು ಮನೆಗೆ ಓಡಿದೆ. ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟೆ.

ಅಣ್ಣನಿಗೆ, ಪೆಟ್ಟಿಗೆ ಒಳಗೇ ಉಳಿಯಿತು, ಹಾಲಿಗೆ ಬೀಗ ಬಿತ್ತು ಎಂದೆ. ಬೆಳಿಗ್ಗೆ ನಿಮ್ಮ ಚೀಟಿ. ನೀವು ತೆರೆದು ನೋಡಿ ಪೊಲೀಸರಿಗೆ ಕೊಟ್ಟಿದ್ದೀರಿ ಎಂದುಕೊಂಡು ಬಸ್ಸು ಹತ್ತಿದೆ. ಅಣ್ಣನೂ ಅದನ್ನೇ ಓದಿ ತಲೆಮರೆಸಿಕೊಂಡಿರಬೇಕು. ನಿಮ್ಮ ಇಂಗ್ಲಿಷಿಗೆ ನಾವಿಬ್ಬರೂ ಓಡಿದೆವು.

ಈಗ ಅದನ್ನು ಏನು ಬೇಕಾದರೂ ಮಾಡಿ. ನನ್ನ ಕುರ್ಚಿಯನ್ನು ಬೇರೆಯವರಿಗೆ ಕೊಡಿ. ಅವನ ಪಕ್ಕ ನಾನು ಹೇಗೆ ಕೂರಲಿ?

ತುತ್ತೂರಿ


ಏಪ್ರಿಲ್ ೬, ಶನಿವಾರ

ತುತ್ತೂರಿ, ಮಗಳೇ,

ನಿನ್ನ ಕಾಗದವನ್ನು ಬಾಲ್ಕನಿಯಲ್ಲಿ ಒಗೆದ ಬಟ್ಟೆಗಳ ನಡುವೆ ನಿಂತು ಓದಿದೆ. ಆಮೇಲೆ ಮಾಡಿದ ಮೊದಲ ನಿರ್ಧಾರ ಹೇಳುತ್ತೇನೆ. ಇನ್ನು ಮೇಲೆ ಮೆಲ್ಲಗೆ ಒಬ್ಬನೇ ಮನೆಗೆ ಹೋಗುವುದಿಲ್ಲ. ಮೊಣಕಾಲು ನೋವಿಗೆ ನಡೆಯಬೇಕು ಎಂದು ಡಾಕ್ಟರು ಹೇಳಿದ್ದಾರೆ ಎಂದು ಸುಳ್ಳು ಹೇಳಿ, ನಾನೇ ಅವನ ಬಾಗಿಲ ತನಕ ಹೋಗುತ್ತೇನೆ. ದಾರಿಯುದ್ದಕ್ಕೂ ನನ್ನ ತಲೆ ತಿನ್ನುತ್ತಾನೆ. ಅವನಿಗೆ ನಾನು ಏನೂ ಹೇಳಿಲ್ಲ. ಅದು ನನ್ನ ವಸ್ತುವಲ್ಲ.

ಎರಡನೆಯದು, ಪೆಟ್ಟಿಗೆಯನ್ನು ಇನ್ನೂ ತೆರೆದಿಲ್ಲ. ಆದರೂ ಬರೆಯುತ್ತಿದ್ದೇನೆ, ಕೇಳಿಸಿಕೋ: ವಿವರ ಹೊಂದಿದೆ. ಆ ಎಳೆದ "ರೀ" ನನಗೆ ಗೊತ್ತು. ಅವಳು ಹೊಲಿಯುವಾಗ ಎದುರಿಗೇ ಕೂತಿದ್ದೆ. ತಪ್ಪಾಯಿತು, ಬಿಚ್ಚು ಎಂದೆ. "ಊದುವಾಗ ಹೇಗೂ ಎಳೀತಾಳೆ, ಇರಲಿ ಬಿಡಿ" ಎಂದಳು.

ನಾನೊಬ್ಬನೇ ಅದನ್ನು ಠಾಣೆಗೆ ಕೊಟ್ಟು ಬರಬಹುದು. ವಾರಸುದಾರರಿಲ್ಲದ ವಸ್ತು ಎಂದರೆ ಮುಗಿಯಿತು. ನನಗೆ ಆ ಮಾತು ಹೇಳಿ ಚೆನ್ನಾಗಿ ಅಭ್ಯಾಸವಿದೆ. ಆದರೆ ಹಾಗೆ ಮಾಡಿದರೆ ನೀನು ಈ ಊರಿಗೆ ಯಾವತ್ತೂ ಬರುವುದಿಲ್ಲ. ನಿನ್ನ ಅಣ್ಣ ಇನ್ನೊಂದು ಚಾಕು ತರುತ್ತಾನೆ. ಈ ಸಲ ಅದು ಮರೆತ ಪೆಟ್ಟಿಗೆಯಲ್ಲಿ ಇರುವುದಿಲ್ಲ.

ಅವನ ಪಕ್ಕ ಹೇಗೆ ಕೂರಲಿ ಎಂದು ಕೇಳಿದ್ದೀ. ನನಗೆ ಉತ್ತರ ಗೊತ್ತಿಲ್ಲ. ಗೊತ್ತಿರುವವಳು ಗೋಡೆಯ ಮೇಲೆ ಫೋಟೋ ಆಗಿ ನಗುತ್ತಿದ್ದಾಳೆ. ಆದರೆ ಕೌಂಟರಿನಲ್ಲಿ ಕಂಡದ್ದು ಒಂದಿದೆ. ಜನ ಪೆಟ್ಟಿಗೆಗೆಂದು ಬಂದು ಎದುರಿಗೆ ನಿಂತು ಒಳಗೇನಿದೆ ಎಂದು ಹೇಳಲು ನಾಚುತ್ತಿದ್ದರು. ಹರಿದ ಒಳಬಟ್ಟೆ, ಹಳೇ ಪ್ರೇಮಪತ್ರ, ಯಾರಿಗೂ ಹೇಳದ ಕಾಯಿಲೆಯ ಮಾತ್ರೆ. ಹೇಳಿ ಮುಗಿಸಿದ ಮೇಲೆ ಅವರ ಭುಜ ಇಳಿಯುತ್ತಿತ್ತು. ಪೆಟ್ಟಿಗೆ ತೆರೆಯುವ ಮೊದಲೇ.

ಬಾ. ನೀನೇ ತೆರೆ. ಠಾಣೆಗೆ ನಾನೂ ಬರುತ್ತೇನೆ. ಅಲ್ಲಿಯ ಇನ್‌ಸ್ಪೆಕ್ಟರಮ್ಮ ಸಿಡುಕಿ, ಆದರೆ ಕೇಳಿಸಿಕೊಳ್ಳುವವರು. ಚಿಕ್ಕಮ್ಮನಿಗೂ ಹೇಳು.

ಕುರ್ಚಿಯನ್ನು ಯಾರಿಗೂ ಕೊಟ್ಟಿಲ್ಲ.

ತಾತ


ಏಪ್ರಿಲ್ ೧೧, ಗುರುವಾರ

ತಾತ,

ಚಿಕ್ಕಮ್ಮನಿಗೆ ಹೇಳಿದೆ. ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು ನನ್ನನ್ನು ಅಪ್ಪಿಕೊಂಡರು. ಆಮೇಲೆ ಬೈದರು. ಬೈಯುತ್ತಲೇ ನನ್ನ ಅಂಗಿಗೆಲ್ಲ ಇಸ್ತ್ರಿ ಮಾಡಿದರು.

ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಮೆಲ್ಲಗೆಯೂ ಇರಲಿ. ಅವನ ಎದುರಿಗೇ ತೆರೆಯುತ್ತೇನೆ. ನನಗೆ ತುಂಬಾ ಭಯವಾಗುತ್ತಿದೆ ಎಂದು ಬರೆದರೆ ಬೇಸರ ಮಾಡಿಕೊಳ್ಳಬೇಡಿ.

ನಿನ್ನೆ ಒಂದೇ ಒಂದು ಸ್ವರ ಊದಿದೆ. ಪಕ್ಕದ ಮನೆಯವರು ಹಸು ಎಲ್ಲಿಂದ ಬಂತು ಎಂದು ಕೇಳಿದರು.

ತುತ್ತೂರಿ


ಏಪ್ರಿಲ್ ೧೫, ಸೋಮವಾರ

ತಂಗಿ,

ಹುಡುಗಿ ಇವತ್ತು ಸಂಜೆ ನಿಮ್ಮ ಬಾಗಿಲಿಗೆ ಬರುತ್ತಾಳೆ. ಈ ಕಾಗದವನ್ನು ಅವಳ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ. ತಾನು ಹೇಗಿದ್ದೆ ಎಂದು ಅವಳು ತಾನಾಗಿ ಹೇಳುವವಳಲ್ಲ, ಅದಕ್ಕೆ.

ನಿನ್ನೆ ಅಭ್ಯಾಸಕ್ಕೆ ಮುಂಚೆ ಹಾಲಿನ ಹಿಂದಿನ ಕೋಣೆಯಲ್ಲಿ ನಾವು ಮೂವರೇ ಇದ್ದೆವು. ಮೆಲ್ಲಗೆ ಅವಳನ್ನು ಕಂಡು ಹಲ್ಲು ಕಿರಿದು, "ಏನೇ, ಸತ್ತೇಹೋದೆ ಅಂದ್ಕೊಂಡಿದ್ದೆ" ಎಂದ. ಅವಳು ನಗಲಿಲ್ಲ. ಪೆಟ್ಟಿಗೆ ಮೇಜಿನ ಮೇಲಿತ್ತು. ಚಿಲಕ ತೆಗೆದು, ಬಟ್ಟೆ ಬಿಡಿಸಿ, "ಇದು ನಿನಗೆ ಅಂತ ಇಟ್ಟಿದ್ದು. ನಾನೇ ಹೊತ್ಕೊಂಡು ಬಂದೆ. ಹಾಲಿನ ತನಕ" ಎಂದಳು.

ಆ ಹುಡುಗ ಬಗ್ಗಿ ನೋಡಿದ. "ನಂಗೆ ಇಷ್ಟು ದೊಡ್ಡದಾ?" ಎಂದ. ತಮಾಷೆ ಮಾಡಲು ಹೋದ, ಆದರೆ ಮಾತಿನ ಕೊನೆ ಒಡೆಯಿತು. "ಆವತ್ತು ನಾನು ಹಾಳೆ ತಿರುವ್ತಾ ಇದ್ದಾಗ, ಇದು ನಮ್ಮ ಕುರ್ಚಿ ಕೆಳಗೇ ಇತ್ತಾ?"

"ಹೂಂ."

ಅವನು ಹೊರಗೆ ಹೋದ. ಮೆಟ್ಟಿಲಿಳಿದ ಸದ್ದು ಕೇಳಿಸಿತು. ಹಿಂದೆ ಹೋಗೋಣವೆಂದು ಎದ್ದೆ, ಅವಳು ನನ್ನ ತೋಳು ಹಿಡಿದು, "ಬೇಡ ತಾತ, ಹೋಗ್ಲಿ" ಎಂದಳು.

ನಾವಿಬ್ಬರೂ ಠಾಣೆಗೆ ಹೋದೆವು. ಇನ್‌ಸ್ಪೆಕ್ಟರಮ್ಮ ಪೆಟ್ಟಿಗೆ ನೋಡಿ "ಏನ್ರೀ ಇದು, ಯಾವ ಕೇಸು?" ಎಂದರು. "ಟ್ರಂಪೆಟ್ ಕೇಸು" ಎಂದು ನನ್ನ ಬಾಯಿಂದ ಬಂದೇಬಿಟ್ಟಿತು. ಬೈಸಿಕೊಂಡೆ. ಉಳಿದದ್ದನ್ನೆಲ್ಲ ಹುಡುಗಿಯೇ ಹೇಳಿದಳು, ನೆಲ ನೋಡದೆ. ಅಣ್ಣನ ಹೆಸರು ಹೇಳುವಾಗ ಮಾತ್ರ ನೀರು ಕೇಳಿದಳು. ಅವನನ್ನು ಕರೆಸುತ್ತಾರಂತೆ. ಅವನು ಏನೂ ಮಾಡಿಲ್ಲ ಇನ್ನೂ. ಆ "ಇನ್ನೂ" ಎಂಬುದನ್ನು ಹಿಡಿದುಕೊಂಡು ನಾವೆಲ್ಲ ಏನಾದರೂ ಮಾಡಬೇಕು. ಅವನು ನನ್ನೆದುರು ಬಾಯಿ ತೆರೆದು ಹೇಳದೆ ಹೋದ ಆ ಮಾತು ನನ್ನ ಕಿವಿಯಲ್ಲಿ ಇದೆ. ಮತ್ತೆ ಬಂದರೆ ಮತ್ತೆ ಕೇಳುತ್ತೇನೆ. ಚಾಕುವನ್ನು ಅಲ್ಲೇ ಇಟ್ಟುಕೊಂಡರು. ಬಟ್ಟೆಯನ್ನೂ. ಬಟ್ಟೆಗಾಗಿ ಅವಳು ಸ್ವಲ್ಪ ಅತ್ತಳು.

ವಾಪಸು ಬರುವಷ್ಟರಲ್ಲಿ ಮಕ್ಕಳು ಕೂತಾಗಿತ್ತು. ಮೆಲ್ಲಗೆಯ ಕುರ್ಚಿ ಖಾಲಿ. ಅವಳು ತನ್ನದರಲ್ಲಿ ಕೂತಳು. ನಾನು ಕೋಲೆತ್ತಿ ಹಸಿರು ಬಾವುಟ ತೋರಿಸಿದೆ. ನನ್ನ ಹೆಂಡತಿ ಕಟ್ಟಿದ ಟ್ಯೂನು ಹೊರಟಿತು, ಒಂದು ಕಾಲು ಕುಂಟುತ್ತಾ.

ಹಾಳೆಯ ಕೊನೆ ಹತ್ತಿರ ಬರುತ್ತಿತ್ತು. ಅವಳ ಎರಡು ಕೈಯೂ ಟ್ರಂಪೆಟ್ಟಿನ ಮೇಲೆ. ನನಗೆ ಸ್ವರ ಓದಲು ಬರುವುದಿಲ್ಲ ತಂಗಿ, ಆದರೆ ಹಾಳೆ ಎಲ್ಲಿ ಮುಗಿಯುತ್ತದೆ ಎಂದು ಗೊತ್ತಾಗುತ್ತದೆ. ಆಗ ಹಿಂದಿನಿಂದ ಒಂದು ಕೈ ಬಂತು. ಉಗುರಿನ ಸುತ್ತ ಶಾಯಿ. ಹಾಳೆ ತಿರುವಿತು. ಅವನು ಕೂರಲಿಲ್ಲ, ಅವಳತ್ತ ನೋಡಲೂ ಇಲ್ಲ. ಬಿಸಿಲಲ್ಲಿ ಎಲ್ಲೆಲ್ಲೋ ನಡೆದು ಬಂದವನ ಹಾಗೆ ಬೆವೆತುಹೋಗಿದ್ದ. ಹಾಳೆ ಹಾರದಂತೆ ಬೆರಳೊತ್ತಿ ಹಿಡಿದು ನಿಂತ.

ಎಲ್ಲರೂ ನಿಲ್ಲುವ ಜಾಗ ಬಂತು. ಎಲ್ಲರೂ ನಿಂತರು. ಅವಳು ಉಸಿರು ಎಳೆದುಕೊಂಡದ್ದು ನನ್ನ ತನಕ ಕೇಳಿಸಿತು. ಊದಲಾಗಲಿಲ್ಲ. ನಾನು ಕೋಲು ಇಳಿಸಲಿಲ್ಲ.

ಅವನು ಸ್ಟ್ಯಾಂಡನ್ನೇ ನೋಡುತ್ತಾ, ಅವಳಿಗಷ್ಟೇ ಕೇಳುವಂತೆ, ತನ್ನದೇ ಹೆಸರನ್ನು ಹೇಳಿದ. "ಮೆಲ್ಲಗೆ."

ಅವಳು ಊದಿದಳು.

ಮುಂದಿನ ಭಾನುವಾರವೂ ಕಳಿಸಿ.

ನಿಮ್ಮ ಅಣ್ಣನಂಥ,
ಹಾಲಿನ ತಾತ